ಮೈ ಊದಿದೆ, ಆದರೂ ಡ್ರಿಪ್ ಯಾಕೆ?

ಹೋದ ಸಲ ಸೆಪ್ಸಿಸ್ ಬಗ್ಗೆ ಬರೆದಿದ್ದೆ. ಸೋಂಕಿಗೆ ದೇಹ ಕೊಡುವ ಉತ್ತರವೇ ಹಳಿ ತಪ್ಪಿ, ಅಂಗಗಳು ಕೈಕೊಡುವ ಸ್ಥಿತಿ ಅದು. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಸೋಂಕಿನ ಬಗ್ಗೆ ಅಲ್ಲ, ಡ್ರಿಪ್ ಬಗ್ಗೆ. ಯಾಕೆ ಹಾಕಿದರು, ಯಾಕೆ ನಿಲ್ಲಿಸಿದರು, ಹಾಕಿದ ನೀರನ್ನೇ ಮತ್ತೆ ಯಾಕೆ ತೆಗೆದರು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಇಲ್ಲಿ ಓದಿದ್ದನ್ನು ಡಾಕ್ಟರಿಗೆ ಪ್ರಶ್ನೆ ಕೇಳಲು ಬಳಸಿ, ಡ್ರಿಪ್‌ನ ಚಕ್ರ ತಿರುಗಿಸಲು ಬೇಡ.

ಪ್ರಶ್ನೆ: ಅಪ್ಪ ಐದು ದಿನದಿಂದ ಐಸಿಯುನಲ್ಲಿದ್ದಾರೆ. ಕೈ, ಕಾಲು, ಕಣ್ಣಿನ ರೆಪ್ಪೆ ಎಲ್ಲ ಊದಿಕೊಂಡಿದೆ. ಆದರೂ ಡಾಕ್ಟರು "ಒಳಗೆ ಡ್ರೈ ಇದ್ದಾರೆ" ಅಂತ ಇನ್ನೊಂದು ಬಾಟಲಿ ಹಾಕಿಸಿದರು. ಇದು ಹೇಗೆ ಸಾಧ್ಯ?

ಉತ್ತರ: ಸಾಧ್ಯ. ನೀರು ಮೈಯಲ್ಲಿ ಎಷ್ಟಿದೆ ಅನ್ನುವುದು ಒಂದು ಪ್ರಶ್ನೆ, ಎಲ್ಲಿದೆ ಅನ್ನುವುದು ಬೇರೆಯೇ ಪ್ರಶ್ನೆ. 70 ಕೆಜಿ ತೂಕದ ಗಂಡಸಿನ ಮೈಯಲ್ಲಿ ಸುಮಾರು 42 ಲೀಟರ್ ನೀರಿರುತ್ತದೆ. ಅದರಲ್ಲಿ 28 ಲೀಟರ್ ಜೀವಕೋಶಗಳ ಒಳಗೆ. ಸುಮಾರು 11 ಲೀಟರ್ ಕೋಶಗಳ ನಡುವಿನ ಸಂದಿಯಲ್ಲಿ. ರಕ್ತನಾಳದ ಒಳಗೆ ಪ್ಲಾಸ್ಮಾ, ಅಂದರೆ ರಕ್ತದ ದ್ರವ ಭಾಗ ಆಗಿ ಓಡಾಡುವುದು ಬರೀ 3 ಲೀಟರ್. ಬಿಪಿ ಹಿಡಿದು ನಿಲ್ಲಿಸುವುದು, ಮಿದುಳಿಗೆ ಕಿಡ್ನಿಗೆ ರಕ್ತ ಮುಟ್ಟಿಸುವುದು ಈ ಚಿಕ್ಕ ಪಾಲು. ನಿಮ್ಮ ಕಣ್ಣಿಗೆ ಕಾಣುತ್ತಿರುವ ಊತ ಸಂದಿಯಲ್ಲಿ ನಿಂತ ನೀರು.

ಸೆಪ್ಸಿಸ್, ದೊಡ್ಡ ಸುಟ್ಟಗಾಯ, ಪ್ಯಾಂಕ್ರಿಯಾಸ್ ಉರಿಯೂತ, ಇಂಥದ್ದರಲ್ಲಿ ರಕ್ತನಾಳದ ಒಳಪದರ ಸೋರಲು ಶುರುವಾಗುತ್ತದೆ. ನೀರನ್ನು ನಾಳದಲ್ಲಿ ಹಿಡಿದಿಡುವ ಆಲ್ಬುಮಿನ್ ಅನ್ನುವ ಪ್ರೋಟೀನ್ ಕೂಡ ರಕ್ತದಲ್ಲಿ ಇಳಿದಿರುತ್ತದೆ. ನೀರು ನಾಳದಿಂದ ಸಂದಿಗೆ ಜಾರುತ್ತದೆ. ಆಗ ಹೊರಗೆ ಊತ, ಒಳಗೆ ಕೊರತೆ, ಎರಡೂ ಒಟ್ಟಿಗೆ ಇರಬಹುದು. ಅಂದಹಾಗೆ, ಮಲಗಿಯೇ ಇರುವ ರೋಗಿಯಲ್ಲಿ ಊತ ಮೊದಲು ಕಾಣುವುದು ಪಾದದಲ್ಲಲ್ಲ, ಸೊಂಟದ ಹಿಂಭಾಗದಲ್ಲಿ, ತೊಡೆಯ ಕೆಳಗೆ. ಪಾದ ಮಾತ್ರ ಒತ್ತಿ ನೋಡಿ ಊತ ಇಲ್ಲ ಅಂದುಕೊಳ್ಳಬೇಡಿ.

ಇಷ್ಟು ಡಾಕ್ಟರ ಪರವಾಗಿ ಹೇಳಿದೆ. ಈಗ ನಿಮ್ಮ ಪರವಾಗಿ. "ಐದು ದಿನದಿಂದ" ಅಂತ ಬರೆದಿದ್ದೀರಿ ನೋಡಿ, ಅಲ್ಲಿ ನಾನು ಸ್ವಲ್ಪ ನಿಂತೆ. ಮೊದಲ ಕೆಲವು ಗಂಟೆಗಳಲ್ಲಿ ಹಾಕುವ ಡ್ರಿಪ್ ಬೇರೆ, ಐದನೇ ದಿನ ಹಾಕುವ ಡ್ರಿಪ್ ಬೇರೆ. ಸೆಲೈನ್ ಥರದ ದ್ರವ ಹಾಕಿದ ಒಂದು ಗಂಟೆ ಹೊತ್ತಿಗೆ ನಾಳದೊಳಗೆ ಉಳಿಯುವುದು ಕಾಲು ಪಾಲಿನಷ್ಟು. ಮಿಕ್ಕಿದ್ದೆಲ್ಲ ಊತಕ್ಕೇ ಸೇರುತ್ತದೆ. ಆ ಊತ ಚರ್ಮದ ಕೆಳಗೆ ಮಾತ್ರ ಇರುವುದಿಲ್ಲ. ಶ್ವಾಸಕೋಶ ಒದ್ದೆಯಾಗುತ್ತದೆ, ಕರುಳಿನ ಗೋಡೆ ದಪ್ಪಗಾಗುತ್ತದೆ, ಬಿಗಿಯಾದ ಚೀಲದೊಳಗೆ ಕೂತ ಕಿಡ್ನಿ ಊದಲು ಜಾಗವಿಲ್ಲದೆ ತನ್ನೊಳಗೇ ಅಮುಕಿಕೊಳ್ಳುತ್ತದೆ. ಹಾಗಾಗಿ "ಒಳಗೆ ಡ್ರೈ" ಅನ್ನುವ ಮಾತಿಗೆ ಆಧಾರ ಬೇಕು. ಜಗಳಕ್ಕೆ ಹೋಗದೆ ಕೇಳಿ: ಏನು ನೋಡಿ ಹಾಗೆ ಅನ್ನಿಸಿತು? ಈ ಬಾಟಲಿಯಿಂದ ಏನು ಸರಿಹೋಗಬೇಕು ಅಂತ ಕಾಯುತ್ತಿದ್ದೀರಿ? ಸರಿಹೋಯಿತಾ ಅಂತ ಯಾವಾಗ ನೋಡುತ್ತೀರಿ? ಒಳ್ಳೆ ಡಾಕ್ಟರು ಈ ಮೂರಕ್ಕೂ ಬೇಜಾರಿಲ್ಲದೆ ಉತ್ತರ ಕೊಡುತ್ತಾರೆ, ಯಾಕೆಂದರೆ ಅವರು ಅದನ್ನು ತಮಗೆ ತಾವೇ ಆಗಲೇ ಕೇಳಿಕೊಂಡಿರುತ್ತಾರೆ.

ಪ್ರಶ್ನೆ: ನರ್ಸಿಂಗ್ ಓದುತ್ತಿದ್ದೇನೆ. ನಮ್ಮ ಹಳೇ ನೋಟ್ಸ್‌ನಲ್ಲಿ ಸಿವಿಪಿ 8ರಿಂದ 12 ಇರುವ ತನಕ ಫ್ಲೂಯಿಡ್ ಕೊಡಬೇಕು ಅಂತಿದೆ. ವಾರ್ಡಿನಲ್ಲಿ ಸೀನಿಯರ್ ಡಾಕ್ಟರು "ಅದನ್ನು ಮರೆತುಬಿಡಿ" ಅಂತಾರೆ. ಯಾರನ್ನು ನಂಬಲಿ?

ಉತ್ತರ: ಸೀನಿಯರ್ ಹೇಳಿದ್ದರಲ್ಲಿ ಮುಕ್ಕಾಲು ಪಾಲು ಸರಿ. ನೋಟ್ಸ್‌ನಲ್ಲಿರುವುದು ಎಲ್ಲಿಂದ ಬಂತು ಅಂದರೆ, 2001ರಲ್ಲಿ ಇಮ್ಯಾನುಯೆಲ್ ರಿವರ್ಸ್ ಮತ್ತು ಸಂಗಡಿಗರು ಸೆಪ್ಸಿಸ್ ರೋಗಿಗಳ ಮೇಲೆ ಮಾಡಿದ ಒಂದು ಅಧ್ಯಯನ ಬಹಳ ಹೆಸರು ಮಾಡಿತು. ಅದರಲ್ಲಿ ಸಿವಿಪಿ, ಅಂದರೆ ಹೃದಯಕ್ಕೆ ರಕ್ತ ವಾಪಸು ತರುವ ದೊಡ್ಡ ಅಭಿಧಮನಿಯ ಒತ್ತಡ, 8ರಿಂದ 12ಕ್ಕೆ ಏರುವ ತನಕ ದ್ರವ ಕೊಡುವುದು ಒಂದು ಗುರಿಯಾಗಿತ್ತು. ಪ್ರಪಂಚದ ಎಷ್ಟೋ ಐಸಿಯುಗಳು ಇದನ್ನೇ ಪಾಲಿಸಿದವು. 2014 ಮತ್ತು 2015ರಲ್ಲಿ ಪ್ರಾಸೆಸ್, ಅರೈಸ್, ಪ್ರಾಮಿಸ್ ಅನ್ನುವ ಮೂರು ದೊಡ್ಡ ಅಧ್ಯಯನಗಳು ಬಂದವು. ಈ ವಿಧಾನದಿಂದ ಸಾವು ಕಡಿಮೆಯಾಗಲಿಲ್ಲ ಅಂತ ಮೂರೂ ಹೇಳಿದವು. ಅದಕ್ಕೂ ಮುಂಚೆ 2008ರಲ್ಲೇ ಪಾಲ್ ಮಾರಿಕ್ ಮತ್ತು ಸಂಗಡಿಗರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ, ಸಿವಿಪಿ ನೋಡಿ ದ್ರವ ಕೆಲಸ ಮಾಡುತ್ತಾ ಇಲ್ಲವಾ ಅಂತ ಹೇಳಲಾಗುವುದಿಲ್ಲ ಅಂದಿದ್ದರು.

ಯಾಕೆ ಹೇಳಲಾಗುವುದಿಲ್ಲ? ಒತ್ತಡ ಬೇರೆ, ಅಳತೆ ಬೇರೆ. ದಪ್ಪ ಟೈರಿಗೂ ಮೆತ್ತನೆ ಬಲೂನಿಗೂ ಒಂದೇ ಅಳತೆ ಗಾಳಿ ತುಂಬಿ, ಒತ್ತಡ ಒಂದೇ ಬರುತ್ತಾ? ಗಟ್ಟಿಯಾದ ಹೃದಯ, ವೆಂಟಿಲೇಟರ್ ಎದೆಯೊಳಗೆ ಏರಿಸುವ ಒತ್ತಡ, ಶ್ವಾಸಕೋಶದ ನಾಳಗಳ ಬಿಪಿ, ಉಬ್ಬಿದ ಹೊಟ್ಟೆ, ಇವೆಲ್ಲ ಸಿವಿಪಿ ಏರಿಸುತ್ತವೆ. ಮೈಯಲ್ಲಿ ನೀರು ಕಡಿಮೆ ಇದ್ದಾಗಲೂ 14 ತೋರಿಸಬಹುದು. 4 ತೋರಿಸಿದ ಮಾತ್ರಕ್ಕೆ ನೀರು ಬೇಕು ಅಂತಲೂ ಅಲ್ಲ. ನಿಮ್ಮದು ನನ್ನದು ಅಳೆದರೂ ಅಷ್ಟೇ ಬರಬಹುದು.

ಉಳಿದ ಕಾಲು ಪಾಲಿನಲ್ಲಿ ನಾನು ಸೀನಿಯರ್ ಜೊತೆ ಇಲ್ಲ. ಸಿವಿಪಿಯನ್ನು ಪೂರ್ತಿ ಮರೆಯಬೇಡಿ. ಅದನ್ನು ಗುರಿಯಾಗಿ ನೋಡದೆ ಎಚ್ಚರಿಕೆಯಾಗಿ ನೋಡಿ. ದ್ರವ ಕೊಡುತ್ತಿದ್ದಂತೆ ಸಿವಿಪಿ ಸರ್ರನೆ ಏರಿತು, ಆದರೆ ಹೃದಯ ಹೊರಹಾಕುವ ರಕ್ತ ಏರಲಿಲ್ಲ ಅಂದರೆ ಅಲ್ಲಿಗೇ ನಿಲ್ಲಿಸಬೇಕು. ಇನ್ನೊಂದು, ಅಂಗಗಳಿಂದ ರಕ್ತ ವಾಪಸು ಬರಬೇಕಾದ ದಾರಿಯಲ್ಲಿ ಈ ಒತ್ತಡ ಎದುರು ನಿಲ್ಲುತ್ತದೆ. ಸರಾಸರಿ ಬಿಪಿ 65, ಸಿವಿಪಿ 18 ಇದ್ದರೆ ಕಿಡ್ನಿಗೆ ರಕ್ತ ನೂಕುವ ಒತ್ತಡ ಎಷ್ಟು ಉಳಿಯಿತು ಅಂತ ನೀವೇ ಕಳೆದು ನೋಡಿ. ಪರೀಕ್ಷೆಯಲ್ಲಿ ಏನು ಬರೆಯಬೇಕು ಅಂತ ಮಾತ್ರ ನಿಮ್ಮ ಮೇಷ್ಟ್ರನ್ನೇ ಕೇಳಿ, ಅಲ್ಲಿ ನಾನು ತಲೆ ಹಾಕುವುದಿಲ್ಲ.

ಪ್ರಶ್ನೆ: ಅಮ್ಮನ ಬಿಪಿ ಕಡಿಮೆಯಾದಾಗ ಡಾಕ್ಟರು ಅವರ ತಲೆ ಕಡೆ ಇಳಿಸಿ ಕಾಲು ಎತ್ತಿ ಒಂದು ನಿಮಿಷ ಮಾನಿಟರ್ ನೋಡಿದರು. ಆಮೇಲೆ "ಫ್ಲೂಯಿಡ್ ಬೇಡ, ಬಿಪಿ ಇಂಜೆಕ್ಷನ್ ಜಾಸ್ತಿ ಮಾಡಿ" ಅಂದರು. ಕಾಲೆತ್ತಿದ್ದರಿಂದ ಏನು ಗೊತ್ತಾಯಿತು?

ಉತ್ತರ: ನನಗೆ ತುಂಬ ಇಷ್ಟವಾದ ಪರೀಕ್ಷೆ ಇದು. ಖರ್ಚಿಲ್ಲ, ಸೂಜಿ ಇಲ್ಲ, ಬೇಡ ಅನ್ನಿಸಿದರೆ ವಾಪಸು ತಗೋಬಹುದು. ಕಾಲಿನ ಅಭಿಧಮನಿಗಳಲ್ಲಿ ಮತ್ತು ಹೊಟ್ಟೆಯ ನಾಳಗಳಲ್ಲಿ ನಿಂತ ರಕ್ತದಲ್ಲಿ ಸುಮಾರು 300 ಮಿ.ಲೀ. ಹೃದಯದ ಕಡೆ ಹರಿಯುತ್ತದೆ. ಅಂದರೆ ರೋಗಿಗೆ ಅವರದೇ ರಕ್ತವನ್ನು ಸ್ವಲ್ಪ ಹೊತ್ತು ಸಾಲ ಕೊಟ್ಟು, ಹೃದಯ ಏನು ಮಾಡುತ್ತೆ ಅಂತ ನೋಡುವುದು. ಫ್ರಾನ್ಸಿನ ಕ್ಸೇವಿಯರ್ ಮೊನ್ನೆ ಮತ್ತು ಜಾನ್ ಲೂಯಿ ಟೆಬೂಲ್ ಇದರ ಮೇಲೆ ಬಹಳ ಕೆಲಸ ಮಾಡಿದ್ದಾರೆ.

ಹಿಂದಿರುವ ತತ್ವ ಹಳೆಯದು. ಹೃದಯ ತುಂಬಿದಷ್ಟೂ ಅದು ಜೋರಾಗಿ ಹಿಂಡುತ್ತದೆ, ಆದರೆ ಒಂದು ಹಂತದ ತನಕ ಮಾತ್ರ. ಆ ಹಂತ ದಾಟಿದ ಮೇಲೆ ಎಷ್ಟು ತುಂಬಿದರೂ ಹೊರಗೆ ಬರುವ ರಕ್ತ ಜಾಸ್ತಿಯಾಗುವುದಿಲ್ಲ, ಹಿಂದೆ ಶ್ವಾಸಕೋಶದಲ್ಲಿ ಒತ್ತಡ ಮಾತ್ರ ಏರುತ್ತದೆ. ಫ್ರಾಂಕ್ ಮತ್ತು ಸ್ಟಾರ್ಲಿಂಗ್ ನೂರು ವರ್ಷಕ್ಕೂ ಹಿಂದೆ ತೋರಿಸಿದ ವಿಷಯ ಇದು. ಐಸಿಯುನಲ್ಲಿ ಬಿಪಿ ಬಿದ್ದ ರೋಗಿಗಳಲ್ಲಿ ಸುಮಾರು ಅರ್ಧ ಜನರ ಹೃದಯ ಮಾತ್ರ ದ್ರವಕ್ಕೆ ಸ್ಪಂದಿಸುತ್ತದೆ ಅಂತ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಅರ್ಧಕ್ಕರ್ಧ! ಹಾಗಿದ್ದಾಗ ಸುಮ್ನೆ ಕೊಟ್ಟು ನೋಡೋಣ ಅನ್ನುವುದು ನಾಣ್ಯ ಚಿಮ್ಮಿದ ಹಾಗಲ್ವಾ?

ಪರೀಕ್ಷೆ ಸರಿಯಾಗಿ ಮಾಡುವುದಕ್ಕೆ ಕೆಲವು ಕಟ್ಟುಪಾಡುಗಳಿವೆ. ರೋಗಿ ಮೊದಲು 45 ಡಿಗ್ರಿ ಒರಗಿ ಕೂತ ಭಂಗಿಯಲ್ಲಿರಬೇಕು. ಅಲ್ಲಿಂದ ಮಂಚವನ್ನೇ ವಾಲಿಸಿ ಬೆನ್ನು ಕೆಳಗೆ, ಕಾಲು 45 ಡಿಗ್ರಿ ಮೇಲೆ. ಕಾಲನ್ನು ಕೈಯಲ್ಲಿ ಹಿಡಿದು ಎಳೆದರೆ ನೋವಿಗೆ, ಗಾಬರಿಗೆ ನಾಡಿ ಏರಿ ಫಲಿತಾಂಶ ಕೆಡುತ್ತದೆ. ನೋಡಬೇಕಾದದ್ದು ಬಿಪಿಯನ್ನಲ್ಲ, ಹೃದಯ ನಿಮಿಷಕ್ಕೆ ಎಷ್ಟು ರಕ್ತ ಹೊರಹಾಕುತ್ತೆ ಅನ್ನುವುದನ್ನು. ಎಕೋದಲ್ಲೋ (ಹೃದಯದ ಸ್ಕ್ಯಾನ್) ಬೇರೆ ಮಾನಿಟರಿನಲ್ಲೋ ಅದನ್ನು ಅಳೆಯಬೇಕು, ಅದೂ ಮೊದಲ ಒಂದು ನಿಮಿಷದಲ್ಲೇ, ಯಾಕೆಂದರೆ ಪರಿಣಾಮ ಬೇಗ ಕರಗಿಹೋಗುತ್ತದೆ. 10 ಪರ್ಸೆಂಟ್ ಅಥವಾ ಜಾಸ್ತಿ ಏರಿದರೆ ಹೃದಯ ಸ್ಪಂದಿಸಿತು ಅಂತ. ಹೊಟ್ಟೆಯೊಳಗೆ ಒತ್ತಡ ಜಾಸ್ತಿ ಇದ್ದವರಲ್ಲಿ ಇದನ್ನು ನಂಬುವುದು ಕಷ್ಟ. ತಲೆಯೊಳಗೆ ಒತ್ತಡ ಇರುವವರಿಗೆ ಮಾಡುವುದೇ ಬೇಡ.

ನಿಮ್ಮ ತಾಯಿಯ ಹೃದಯ ಆ 300 ಮಿ.ಲೀ.ಗೆ ಸ್ಪಂದಿಸಲಿಲ್ಲ ಅಂತ ಕಾಣುತ್ತದೆ. ಹಾಗಾಗಿ ನಾಳಗಳನ್ನು ಬಿಗಿಮಾಡುವ ಔಷಧಿ ಜಾಸ್ತಿ ಮಾಡಿದರು. ಸರಿಯಾದ ಲೆಕ್ಕಾಚಾರ. ಇನ್ನು, ಪರೀಕ್ಷೆ ಪಾಸಾದರೆ ದ್ರವ ಕೊಡಲೇಬೇಕಾ? ಇಲ್ಲ. ಇದನ್ನು ಡಾಕ್ಟರುಗಳೂ ಮರೆಯುತ್ತಾರೆ. ಆರೋಗ್ಯವಾಗಿರುವ ನಿಮ್ಮ ಕಾಲೆತ್ತಿದರೆ ನಿಮ್ಮ ಹೃದಯವೂ ಸ್ಪಂದಿಸುತ್ತದೆ, ಹಾಗಂತ ನಿಮಗೆ ಡ್ರಿಪ್ ಹಾಕುತ್ತಾರಾ? ಅಂಗಗಳಿಗೆ ರಕ್ತ ಸಾಲುತ್ತಿಲ್ಲ ಅನ್ನುವ ಲಕ್ಷಣ ಮೊದಲು ಇರಬೇಕು. ಹೃದಯ ಸ್ಪಂದಿಸುತ್ತದೆ ಅಂತ ಆಮೇಲೆ ಗೊತ್ತಾಗಬೇಕು. ಶ್ವಾಸಕೋಶ ಅದನ್ನು ತಡೆದುಕೊಳ್ಳುವ ಸ್ಥಿತಿಯಲ್ಲಿರಬೇಕು. ಮೂರೂ ಹೌದು ಅಂದರೆ ಮಾತ್ರ ಬಾಟಲಿ.

ಪ್ರಶ್ನೆ: ಸೆಪ್ಸಿಸ್‌ಗೆ ಕೆಜಿಗೆ 30 ಮಿ.ಲೀ. ಕೊಡಬೇಕು ಅಂತ ಎಲ್ಲ ಕಡೆ ಓದಿದೆ. ನಮ್ಮ ಮಾವನವರಿಗೆ ಮೊದಲೇ ಹಾರ್ಟ್ ಫೇಲ್ಯೂರ್. ಅವರಿಗೂ ಅಷ್ಟೇ ಕೊಡಬೇಕಾ?

ಉತ್ತರ: ಆ ಅಂಕಿ ಬಂದಿರುವುದು ಸರ್ವೈವಿಂಗ್ ಸೆಪ್ಸಿಸ್ ಕ್ಯಾಂಪೇನ್ ಅನ್ನುವ ಅಂತರರಾಷ್ಟ್ರೀಯ ಮಾರ್ಗಸೂಚಿಯಿಂದ. ಮೊದಲ 3 ಗಂಟೆಯಲ್ಲಿ ಕೆಜಿಗೆ ಕನಿಷ್ಠ 30 ಮಿ.ಲೀ. ಅಂತ. 60 ಕೆಜಿಯವರಿಗೆ 1.8 ಲೀಟರ್ ಆಯಿತು. 2016ರಲ್ಲಿ ಇದು ಬಲವಾದ ಶಿಫಾರಸು. 2021ರಲ್ಲಿ ಅದನ್ನು ಸಲಹೆಯ ಮಟ್ಟಕ್ಕೆ ಇಳಿಸಿದರು, ಆಧಾರ ಅಷ್ಟು ಗಟ್ಟಿ ಇಲ್ಲ ಅಂತ ಒಪ್ಪಿಕೊಂಡು. ಶುರು ಮಾಡುವುದಕ್ಕೆ ಒಂದು ಅಂದಾಜು ಬೇಕು, ಅದಕ್ಕೆ ಇದು ಸಾಕು. ಕಣ್ಣು ಮುಚ್ಚಿ ಮುಗಿಸಬೇಕಾದ ಕೋಟಾ ಅಲ್ಲ.

ಹಾರ್ಟ್ ಫೇಲ್ಯೂರ್ ಇದೆ ಅಂತ ಒಂದು ಹನಿಯೂ ಕೊಡದೆ ಕೂರುವುದೂ ತಪ್ಪೇ. ಮೂರು ದಿನದಿಂದ ಊಟ ನೀರು ಬಿಟ್ಟು, ಜ್ವರ ವಾಂತಿಯಲ್ಲಿ ಬಂದ ಹೃದ್ರೋಗಿಯ ನಾಳವೂ ಖಾಲಿಯಾಗಿರಬಹುದು. ಇಂಥವರಿಗೆ ಚಿಕ್ಕ ಚಿಕ್ಕ ಕಂತು. 250 ಮಿ.ಲೀ., ಕೆಲವೊಮ್ಮೆ 100 ಮಿ.ಲೀ. ಕೊಟ್ಟು, ಪಕ್ಕದಲ್ಲೇ ನಿಂತು, ಉಸಿರು, ಆಕ್ಸಿಜನ್, ಎಕೋ ನೋಡಿ, ಆಮೇಲೆ ಮುಂದಿನ ಕಂತಿನ ಮಾತು. ಪಕ್ಕದಲ್ಲೇ ನಿಂತು ಅನ್ನುವುದಕ್ಕೆ ಅಡಿಗೆರೆ ಹಾಕಿಕೊಳ್ಳಿ. ಆರ್ಡರ್ ಬರೆದು ಹೋಗಿ ಎರಡು ಗಂಟೆ ಬಿಟ್ಟು ಬಂದು ನೋಡಿದರೆ ಅದು ಪರೀಕ್ಷೆ ಅಲ್ಲ.

ಜಾಸ್ತಿ ಕೊಟ್ಟರೆ ಒಳ್ಳೆಯದು ಅನ್ನುವ ನಂಬಿಕೆಗೆ ದೊಡ್ಡ ಪೆಟ್ಟು ಬಿದ್ದದ್ದು 2011ರಲ್ಲಿ. ಉಗಾಂಡ, ಕೀನ್ಯಾ, ಟಾಂಜಾನಿಯಾಗಳಲ್ಲಿ ಜೋರು ಜ್ವರ ಮತ್ತು ರಕ್ತಸಂಚಾರದ ತೊಂದರೆ ಇದ್ದ 3141 ಮಕ್ಕಳ ಮೇಲೆ ನಡೆದ ಫೀಸ್ಟ್ ಅಧ್ಯಯನ ಅದು. ಬೇಗ ಬೇಗ ದ್ರವ ಹಾಕಿದ ಗುಂಪುಗಳಲ್ಲಿ 48 ಗಂಟೆಯೊಳಗೆ ಸುಮಾರು 10.5 ಪರ್ಸೆಂಟ್ ಮಕ್ಕಳು ತೀರಿಕೊಂಡರು. ಹಾಗೆ ಹಾಕದ ಗುಂಪಿನಲ್ಲಿ 7.3 ಪರ್ಸೆಂಟ್. ಅಧ್ಯಯನವನ್ನು ನಿಗದಿಗಿಂತ ಮುಂಚೆಯೇ ನಿಲ್ಲಿಸಿದರು. ಅಲ್ಲಿ ವೆಂಟಿಲೇಟರ್, ಐಸಿಯು ಸೌಲಭ್ಯ ಇರಲಿಲ್ಲ, ಮಲೇರಿಯಾ ಇದ್ದ ಮಕ್ಕಳು ಬಹಳ, ಹಾಗಾಗಿ ಅದನ್ನು ಎಲ್ಲರಿಗೂ ಹಾಗೇ ಅನ್ವಯಿಸಲಾಗದು. ದೊಡ್ಡವರಲ್ಲಿ 2022ರ ಕ್ಲಾಸಿಕ್, 2023ರ ಕ್ಲೋವರ್ಸ್ ಅಧ್ಯಯನಗಳೆರಡೂ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ, ಶುರುವಿನ ಡ್ರಿಪ್ ಆದ ಮೇಲೆ ಬಿಗಿಯಾಗಿ ಕೊಟ್ಟರೂ ಅಷ್ಟೇ, ಧಾರಾಳವಾಗಿ ಕೊಟ್ಟರೂ ಅಷ್ಟೇ. ನನ್ನ ಓದು ಏನೆಂದರೆ, ಎಲ್ಲರಿಗೂ ಒಂದೇ ಅಳತೆ ಹುಡುಕುವುದೇ ದಾರಿ ತಪ್ಪಿದ ಹುಡುಕಾಟ. ಒಬ್ಬರನ್ನು ಉಳಿಸಿದ್ದೂ ಇನ್ನೊಬ್ಬರನ್ನು ಮುಳುಗಿಸಿದ್ದೂ ಸರಾಸರಿಯಲ್ಲಿ ಸರಿಹೋಗಿಬಿಡುತ್ತದೆ.

ಪ್ರಶ್ನೆ: ಮಾನಿಟರ್ ತುಂಬ ನಂಬರ್ ಇರುವಾಗ ಡಾಕ್ಟರು ಬಂದು ಬೆರಳು ಒತ್ತಿ, ಮೊಣಕಾಲು ನೋಡಿ ಹೋಗುತ್ತಾರೆ. ಇದು ಹಳೇ ಕಾಲದ ಪದ್ಧತಿ ಅಲ್ವಾ?

ಉತ್ತರ: ಹಳೆಯದು ಹೌದು, ಔಟ್ ಡೇಟ್ ಆಗಿಲ್ಲ. ಬೆರಳ ತುದಿಯನ್ನು ಬೆಳ್ಳಗಾಗುವ ಹಾಗೆ 10 ಸೆಕೆಂಡ್ ಒತ್ತಿ ಬಿಟ್ಟರೆ 3 ಸೆಕೆಂಡಿನೊಳಗೆ ಬಣ್ಣ ವಾಪಸು ಬರಬೇಕು. ಜಾಸ್ತಿ ಹೊತ್ತು ತೆಗೆದುಕೊಂಡರೆ ಚರ್ಮಕ್ಕೆ ರಕ್ತ ಸಾಲುತ್ತಿಲ್ಲ. ಮೊಣಕಾಲ ಸುತ್ತ ನೀಲಿ ಬಲೆ ಬಲೆಯಾಗಿ ಕಂಡರೂ ಅದೇ ಅರ್ಥ. 2019ರ ಆಂಡ್ರೊಮಿಡಾ ಶಾಕ್ ಅಧ್ಯಯನದಲ್ಲಿ 424 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದರಲ್ಲಿ ಬೆರಳು ನೋಡಿ, ಇನ್ನೊಂದರಲ್ಲಿ ರಕ್ತದ ಲ್ಯಾಕ್ಟೇಟ್ (ಅಂಗಗಳಿಗೆ ರಕ್ತ ಸಾಲದಾಗ ಏರುವ ವಸ್ತು) ನೋಡಿ ಚಿಕಿತ್ಸೆ ಕೊಟ್ಟರು. ಬೆರಳಿನ ಗುಂಪಿನಲ್ಲಿ 28 ದಿನದ ಸಾವು 34.9 ಪರ್ಸೆಂಟ್, ಲ್ಯಾಕ್ಟೇಟ್ ಗುಂಪಿನಲ್ಲಿ 43.4. ವ್ಯತ್ಯಾಸ ಆಕಸ್ಮಿಕವಲ್ಲ ಅನ್ನಲು ಬೇಕಾದ ಲೆಕ್ಕಶಾಸ್ತ್ರದ ಗೆರೆಯನ್ನು ಸ್ವಲ್ಪದರಲ್ಲಿ ದಾಟಲಿಲ್ಲ, ಆದರೆ ಬೆರಳು ಸೋಲಲಂತೂ ಇಲ್ಲ. ಕೋಣೆ ತಣ್ಣಗಿದ್ದರೆ, ಕೈ ತಣ್ಣಗಿದ್ದರೆ ಮೋಸ ಹೋಗಬಹುದು, ಅಷ್ಟು ಗಮನ ಇರಲಿ. ಲ್ಯಾಕ್ಟೇಟ್ ಕೂಡ ಏನು ಸಾಚಾ ಅಲ್ಲ. ಅಡ್ರಿನಲಿನ್ ಕೊಟ್ಟಾಗ, ಲಿವರ್ ಕೆಟ್ಟಾಗ ಅದು ಬೇರೆ ಕಾರಣಕ್ಕೇ ಏರಿರುತ್ತದೆ. ಅದನ್ನು ಇಳಿಸಲು ಅಂತ ಲೀಟರ್ ಮೇಲೆ ಲೀಟರ್ ಹಾಕುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಪ್ರಶ್ನೆ: ಯೂರಿನ್ ಬ್ಯಾಗ್‌ನಲ್ಲಿ ಮೂತ್ರ ಕಡಿಮೆ ಬರುತ್ತಿದೆ. ನೀರು ಜಾಸ್ತಿ ಹಾಕಿ ಅಂತ ನಾವೇ ಒತ್ತಾಯ ಮಾಡಬಹುದಾ?

ಉತ್ತರ: ಬೇಡ. ಗಂಟೆಗೆ ಕೆಜಿಗೆ 0.5 ಮಿ.ಲೀ.ಗಿಂತ ಕಡಿಮೆ ಆದರೆ, ಅಂದರೆ 60 ಕೆಜಿಯವರಿಗೆ ಗಂಟೆಗೆ 30 ಮಿ.ಲೀ.ಗಿಂತ ಕಡಿಮೆ ಆಗಿ ಹಾಗೇ ಕೆಲವು ಗಂಟೆ ಮುಂದುವರಿದರೆ, ಡಾಕ್ಟರು ಬಂದು ನೋಡಬೇಕು. ಅಷ್ಟು ಒತ್ತಾಯ ಮಾಡಿ. ಆದರೆ ಕಾರಣ ಹತ್ತಾರು ಇರಬಹುದು. ನಳಿಕೆಯೇ ಕಟ್ಟಿಕೊಂಡಿರಬಹುದು, ಮೊದಲು ನೋಡಬೇಕಾದದ್ದು ಅದನ್ನೇ. ಬಿಪಿ ಸಾಲದೆ ಇರಬಹುದು. ಸೋಂಕಿಗೆ ಕಿಡ್ನಿ ಪೆಟ್ಟು ತಿಂದಿರಬಹುದು, ಆಗ ಎಷ್ಟು ನೀರು ಸುರಿದರೂ ಅದು ಮೂತ್ರವಾಗುವುದಿಲ್ಲ, ಶ್ವಾಸಕೋಶಕ್ಕೆ ಹೋಗುತ್ತದೆ. ಆಪರೇಷನ್, ನೋವು, ಒತ್ತಡದ ಹೊತ್ತಿನಲ್ಲಿ ದೇಹ ತಾನಾಗಿಯೇ ನೀರು ಹಿಡಿದಿಡುವುದೂ ಉಂಟು. ಕೆಲವರಲ್ಲಿ ನೀರು ತುಂಬಿ ಅಭಿಧಮನಿಯ ಒತ್ತಡ ಏರಿ ಕಿಡ್ನಿ ನಿಂತಿರುತ್ತದೆ, ಅವರಿಗೆ ನೀರು ತೆಗೆದರೆ ಮೂತ್ರ ಬರುತ್ತದೆ! ಲಾಸಿಕ್ಸ್ (ಮೂತ್ರ ಬರಿಸುವ ಔಷಧಿ) ಕೊಟ್ಟು ಮೂತ್ರ ಬಂದರೆ ಅದನ್ನು ನೋಡಿ ನಾಳ ತುಂಬಿದೆ ಅಂತಲೂ ಹೇಳಲಾಗದು.

ಪ್ರಶ್ನೆ: ಮೊದಲೆರಡು ದಿನ ಲೀಟರುಗಟ್ಟಲೆ ಡ್ರಿಪ್ ಹಾಕಿದರು. ನಾಲ್ಕನೇ ದಿನ ಲಾಸಿಕ್ಸ್ ಕೊಟ್ಟು ಎಲ್ಲ ತೆಗೆಯುತ್ತಿದ್ದಾರೆ. ಮೊದಲು ಹಾಕಿದ್ದೇ ತಪ್ಪಲ್ವಾ?

ಉತ್ತರ: ಹಾಗೇನಿಲ್ಲ. ಶಾಕ್‌ನಲ್ಲಿ, ಅಂದರೆ ಅಂಗಗಳಿಗೆ ರಕ್ತ ಸಾಲದ ಸ್ಥಿತಿಯಲ್ಲಿ ಬಂದ ರೋಗಿಗೆ ಮೊದಲ ಗಂಟೆಗಳಲ್ಲಿ ಜೀವ ಉಳಿಸುವುದೇ ಗುರಿ, ಆಗ ದ್ರವ ಬೇಕು. ಆಮೇಲೆ ಅಳೆದು ಅಳೆದು ಕೊಡುವ ಹಂತ. ಆಮೇಲೆ ಹೊಸದಾಗಿ ಕೊಡದೆ ನಿಲ್ಲಿಸುವ ಹಂತ. ಕೊನೆಗೆ ಹೊರಗೆ ಹಾಕುವ ಹಂತ. ಆರೋಗ್ಯ ಸುಧಾರಿಸಿದವರಲ್ಲಿ ದೇಹವೇ ಧಾರಾಳವಾಗಿ ಮೂತ್ರ ಮಾಡಿ ಈ ಕೆಲಸ ಮುಗಿಸುತ್ತದೆ. ಕೆಲವರಿಗೆ ಔಷಧಿ ಬೇಕು, ಕಿಡ್ನಿ ಕೈಕೊಟ್ಟವರಿಗೆ ಡಯಾಲಿಸಿಸ್ ಬೇಕು.

ತೆಗೆಯುವುದಕ್ಕೆ ಗಟ್ಟಿ ಕಾರಣವೂ ಇದೆ. ಶ್ವಾಸಕೋಶ ತೀವ್ರವಾಗಿ ಕೆಟ್ಟ 1000 ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನ 2006ರಲ್ಲಿ ಬಂತು. ಏಳು ದಿನಕ್ಕೆ ಒಂದು ಗುಂಪಿನ ಮೈಯಲ್ಲಿ ಸುಮಾರು 7 ಲೀಟರ್ ಜಾಸ್ತಿ ಸೇರಿತ್ತು, ಇನ್ನೊಂದು ಗುಂಪಿನಲ್ಲಿ ಲೆಕ್ಕ ಸೊನ್ನೆಯ ಹತ್ತಿರ. ಸಾವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಆದರೆ ನೀರು ಬಿಗಿ ಹಿಡಿದ ಗುಂಪಿನವರು ವೆಂಟಿಲೇಟರಿನಿಂದ ಬೇಗ ಬಿಡುಗಡೆಯಾದರು, ಕಿಡ್ನಿಗೂ ತೊಂದರೆ ಜಾಸ್ತಿಯಾಗಲಿಲ್ಲ. ಒಂದು ಷರತ್ತು: ಅಲ್ಲಿ ನೀರು ತೆಗೆದದ್ದು ಶಾಕ್ ಇಲ್ಲದ ಹೊತ್ತಿನಲ್ಲಿ. ಹಾಗಾಗಿ ಲಾಸಿಕ್ಸ್ ಶುರು ಮಾಡಿದ್ದಾರೆ ಅಂದರೆ ಬಹಳ ಸಲ ಅದು ಒಳ್ಳೆ ಸುದ್ದಿಯೇ.

ಪ್ರಶ್ನೆ: ಹೊಟ್ಟೆ ಮೇಲೆ ಸ್ಕ್ಯಾನ್ ಇಟ್ಟು ದೊಡ್ಡ ನಾಳ ನೋಡಿದರೆ ನೀರು ಎಷ್ಟಿದೆ ಅಂತ ಗೊತ್ತಾಗುತ್ತಂತೆ ಹೌದಾ?

ಉತ್ತರ: ಅರ್ಧ ಹೌದು. ಐವಿಸಿ ಅನ್ನುವ ಆ ಅಭಿಧಮನಿ ಚಪ್ಪಟೆಯಾಗಿ, ಉಸಿರಿಗೆ ತಕ್ಕಂತೆ ಪೂರ್ತಿ ಮುಚ್ಚಿಕೊಳ್ಳುತ್ತಿದ್ದರೆ ಒಳಗೆ ಕೊರತೆ ಇರಬಹುದು. 2 ಸೆಂ.ಮೀ.ಗಿಂತ ದಪ್ಪಗೆ ಅಲ್ಲಾಡದೆ ನಿಂತಿದ್ದರೆ ಹಿಂದೆ ಒತ್ತಡ ಇದೆ. ಇವೆರಡರ ಮಧ್ಯದವರೇ ಜಾಸ್ತಿ, ಅಲ್ಲಿ ಐವಿಸಿ ಏನೂ ಹೇಳುವುದಿಲ್ಲ. ರೋಗಿ ಕಷ್ಟಪಟ್ಟು ಜೋರಾಗಿ ಉಸಿರೆಳೆಯುತ್ತಿದ್ದರೆ ನಾಳ ತುಂಬಿದ್ದರೂ ಮುಚ್ಚಿಕೊಳ್ಳುತ್ತದೆ. ನಾನಾದರೆ ಸ್ಕ್ಯಾನ್ ಮಾಡುವ ಅದೇ ಪ್ರೋಬನ್ನು ಎದೆಗೂ ಇಡುತ್ತೇನೆ. ಶ್ವಾಸಕೋಶದಲ್ಲಿ ಬಿ ಲೈನ್ ಅನ್ನುವ ಬಿಳಿ ಉದ್ದ ಗೆರೆಗಳು ಎರಡೂ ಕಡೆ ತುಂಬಿದ್ದರೆ ಇನ್ನೊಂದು ಬಾಟಲಿಗೆ ಮುಂಚೆ ಎರಡು ಸಲ ಯೋಚಿಸಬೇಕು. ಈಚೆಗೆ, 2020ರಿಂದ, ವೆಕ್ಸಸ್ ಅನ್ನುವ ವಿಧಾನ ಬಂದಿದೆ. ಲಿವರ್, ಕರುಳು, ಕಿಡ್ನಿಯ ಅಭಿಧಮನಿಗಳ ಹರಿವು ನೋಡಿ ಅಂಗಗಳಲ್ಲಿ ರಕ್ತ ಕಟ್ಟಿಕೊಂಡಿದೆಯಾ ಅಂತ ಅಳೆಯುವುದು. ಕಲಿಯಲು ಸಮಯ ಬೇಕು, ಆದರೆ ನೀರು ಸಾಲದು ಅನ್ನುವುದನ್ನಷ್ಟೇ ಹುಡುಕುತ್ತಿದ್ದ ನಮಗೆ ಜಾಸ್ತಿಯಾಯಿತು ಅನ್ನುವುದನ್ನೂ ಹುಡುಕಲು ಕಲಿಸಿದ್ದು ಇದು, ಅದಕ್ಕೇ ಇಷ್ಟ.

ವೆಂಟಿಲೇಟರಿನಲ್ಲಿರುವವರಿಗೆ ಇನ್ನೊಂದು ದಾರಿ ಇದೆ, ಪ್ರತಿ ಉಸಿರಿಗೂ ನಾಡಿಯ ಒತ್ತಡ ಎಷ್ಟು ಏರಿಳಿಯುತ್ತೆ ಅಂತ ನೋಡುವುದು. 13 ಪರ್ಸೆಂಟ್ ದಾಟಿದರೆ ಹೃದಯ ಸ್ಪಂದಿಸಬಹುದು. ಆದರೆ ರೋಗಿ ತಾನಾಗಿ ಉಸಿರಾಡುತ್ತಿರಬಾರದು, ಹೃದಯದ ಲಯ ಸರಿ ಇರಬೇಕು, ವೆಂಟಿಲೇಟರ್ ಕೊಡುವ ಉಸಿರು ತೀರ ಚಿಕ್ಕದಿರಬಾರದು. ಈ ಷರತ್ತೆಲ್ಲ ಕೂಡಿ ಬರುವ ರೋಗಿ ಐಸಿಯುನಲ್ಲಿ ಅಪರೂಪ, ಆಪರೇಷನ್ ಥಿಯೇಟರಿನಲ್ಲಿ ಜಾಸ್ತಿ.

ಪ್ರಶ್ನೆ: ಡೆಂಗಿಯಲ್ಲಿ ಪ್ಲೇಟ್ಲೆಟ್ ಬಿಟ್ಟು "ಹಿಮಟೋಕ್ರಿಟ್ ನೋಡಬೇಕು" ಅಂದರು. ಅದಕ್ಕೂ ನೀರಿಗೂ ಏನು ಸಂಬಂಧ?

ಉತ್ತರ: ಸರಿಯಾಗೇ ಹೇಳಿದ್ದಾರೆ. ಡೆಂಗಿಯಲ್ಲಿ ನಾಳದಿಂದ ಸೋರುವುದು ಪ್ಲಾಸ್ಮಾ, ಕೆಂಪು ರಕ್ತಕಣಗಳು ಒಳಗೇ ಉಳಿಯುತ್ತವೆ. ಹಾಗಾಗಿ ರಕ್ತ ಗಟ್ಟಿಯಾಗಿ ಹಿಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ಏರುತ್ತದೆ. ಅವರ ಮೊದಲಿನ ಮಟ್ಟಕ್ಕಿಂತ 20 ಪರ್ಸೆಂಟ್ ಏರಿದರೆ ಸೋರಿಕೆ ದೊಡ್ಡದು. ಇದು ಸಾಮಾನ್ಯವಾಗಿ ಜ್ವರ ಇಳಿಯುವ ಹೊತ್ತಿಗೆ ಶುರುವಾಗಿ 24ರಿಂದ 48 ಗಂಟೆ ಇರುತ್ತದೆ. ಆಮೇಲೆ ಸೋರಿದ್ದೆಲ್ಲ ತಾನಾಗಿ ನಾಳಕ್ಕೆ ವಾಪಸು ಬರುತ್ತದೆ. ಆ ಹೊತ್ತಿನಲ್ಲೂ ಡ್ರಿಪ್ ಓಡುತ್ತಿದ್ದರೆ ಶ್ವಾಸಕೋಶಕ್ಕೆ ನೀರು. ಇಲ್ಲಿ ಶುರು ಮಾಡುವಷ್ಟೇ ಮುಖ್ಯ ನಿಲ್ಲಿಸುವುದು. ಹಿಮಟೋಕ್ರಿಟ್ ಇದ್ದಕ್ಕಿದ್ದಂತೆ ಬಿದ್ದು, ರೋಗಿ ಮಾತ್ರ ಸುಧಾರಿಸದಿದ್ದರೆ ಒಳಗೆ ರಕ್ತ ಹೋಗುತ್ತಿದೆಯಾ ಅಂತ ಹುಡುಕಬೇಕು.

ಪ್ರಶ್ನೆ: ಊತ ಇಳಿಯಲಿ ಅಂತ ಸೆಲೈನ್ ಬದಲು ಆಲ್ಬುಮಿನ್ ಕೊಡಿ ಅಂತ ಕೇಳಬಹುದಾ?

ಉತ್ತರ: ಕೇಳಬಹುದು, ಆದರೆ ಪವಾಡ ನಿರೀಕ್ಷಿಸಬೇಡಿ. 2004ರ ಸೇಫ್ ಅಧ್ಯಯನದಲ್ಲಿ ಸುಮಾರು 7000 ಐಸಿಯು ರೋಗಿಗಳಿಗೆ ಆಲ್ಬುಮಿನ್ ಅಥವಾ ಸೆಲೈನ್ ಕೊಟ್ಟು ನೋಡಿದಾಗ 28 ದಿನದ ಸಾವಿನಲ್ಲಿ ವ್ಯತ್ಯಾಸ ಬರಲಿಲ್ಲ. ತಲೆಗೆ ಪೆಟ್ಟಾದವರಿಗೆ ಆಲ್ಬುಮಿನ್ ಕೆಡುಕನ್ನೇ ಮಾಡಿತು. ಲಿವರ್ ಸಿರೋಸಿಸ್‌ನ ಕೆಲವು ಸಂದರ್ಭಗಳಲ್ಲಿ ಅದಕ್ಕೆ ಖಚಿತ ಜಾಗ ಇದೆ. ಉಳಿದ ಕಡೆ ಯಾವ ದ್ರವ ಅನ್ನುವುದಕ್ಕಿಂತ ಎಷ್ಟು, ಯಾವಾಗ ಅನ್ನುವುದು ದೊಡ್ಡ ಪ್ರಶ್ನೆ.

ಪ್ರಶ್ನೆ: ಐಸಿಯು ನರ್ಸ್ ನಾನು. ಗಂಟೆಗೊಮ್ಮೆ ಇನ್‌ಟೇಕ್ ಔಟ್‌ಪುಟ್ (ಒಳಗೆ ಹೋದ, ಹೊರಗೆ ಬಂದ ನೀರಿನ ಲೆಕ್ಕ) ಬರೆಯುತ್ತೇವೆ. ರೌಂಡ್ಸ್‌ನಲ್ಲಿ ಯಾರೂ ಪುಟ ತಿರುಗಿಸುವುದಿಲ್ಲ. ಬರೆದು ಏನು ಪ್ರಯೋಜನ?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಆ ಚಾರ್ಟ್ ಪೂರ್ತಿ ನಿಖರ ಅಲ್ಲ, ಅದು ನಿಮಗೂ ಗೊತ್ತು. ಉಸಿರಿನಲ್ಲಿ, ಬೆವರಿನಲ್ಲಿ, ಸಡಿಲ ಮಲದಲ್ಲಿ ಹೋದದ್ದು ಲೆಕ್ಕಕ್ಕೆ ಸಿಗುವುದಿಲ್ಲ. ಅದಕ್ಕೇ ಮಂಚದ ತೂಕವನ್ನೂ ಜೊತೆಗೆ ನೋಡಬೇಕು, ಒಂದು ಲೀಟರ್ ಅಂದರೆ ಒಂದು ಕೆಜಿ. ಎರಡೂ ಒಂದೇ ದಿಕ್ಕಿಗೆ ಹೋಗುತ್ತಿದ್ದರೆ ನಂಬಬಹುದು. ಬೇರೆ ಬೇರೆ ದಿಕ್ಕಿಗೆ ಹೋದರೆ ಎಲ್ಲೋ ಬರೆಯುವುದು ತಪ್ಪಿದೆ, ಇಲ್ಲ ಮಂಚದ ಮೇಲೆ ಎರಡು ಹೊದಿಕೆ ಜಾಸ್ತಿ ಇದೆ.

ಆದರೆ ಒಂದು ವಿಷಯ ಆ ಚಾರ್ಟ್ ಬಿಟ್ಟು ಬೇರೆಲ್ಲೂ ಸಿಗುವುದಿಲ್ಲ. ಯಾರೂ ಡ್ರಿಪ್ ಅಂತ ಕರೆಯದ ಡ್ರಿಪ್. ಆ್ಯಂಟಿಬಯೊಟಿಕ್ ಕರಗಿಸಿದ 100 ಮಿ.ಲೀ., ಪೊಟಾಶಿಯಂ ಬೆರೆಸಿದ ಬಾಟಲಿ, ಲೈನ್ ತೊಳೆದದ್ದು, ನಾಲ್ಕು ಪಂಪಿನಲ್ಲಿ ತೊಟ್ಟಿಕ್ಕುವ ಔಷಧಿಗಳು. ಬೆಲ್ಜಿಯಂನ ಒಂದು ಐಸಿಯುನಲ್ಲಿ 14 ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆ ನೋಡಿ 2018ರಲ್ಲಿ ಪ್ರಕಟಿಸಿದರು. ಒಟ್ಟು ದ್ರವದಲ್ಲಿ ಮೂರನೇ ಒಂದು ಭಾಗ ಹೀಗೆ ಗೊತ್ತಿಲ್ಲದೆ ಒಳಗೆ ಹೋದದ್ದು. ಶಾಕ್‌ಗೆ ಅಂತ ಕೊಟ್ಟದ್ದು ಬರೀ 6.5 ಪರ್ಸೆಂಟ್! ನಾವು ಕಾಲೆತ್ತಿ, ಎಕೋ ಮಾಡಿ, ಅಳೆದು ಸುರಿದು 250 ಮಿ.ಲೀ. ಬೇಡ ಅಂತ ತೀರ್ಮಾನ ಮಾಡುವ ಹೊತ್ತಿಗೆ ಪಕ್ಕದ ಪಂಪುಗಳಿಂದ ಒಂದು ಲೀಟರ್ ಹೋಗಿರುತ್ತದೆ. ರೌಂಡ್ಸ್‌ನಲ್ಲಿ ಅವರು ಪುಟ ತಿರುಗಿಸದಿದ್ದರೆ ನೀವೇ ಜೋರಾಗಿ ಓದಿ: "ಬಂದಾಗಿನಿಂದ ಇಷ್ಟು ಲೀಟರ್ ಜಾಸ್ತಿ, ಅದರಲ್ಲಿ ಔಷಧಿಯ ಜೊತೆ ಹೋದದ್ದು ಇಷ್ಟು." ಔಷಧಿಯನ್ನು ಕಡಿಮೆ ನೀರಿನಲ್ಲಿ ಕರಗಿಸಬಹುದಾ, ನಳಿಕೆಯಲ್ಲಿ ಊಟ ಹೋಗುತ್ತಿರುವಾಗ ದಿನದ ನೀರಿನ ಅಗತ್ಯಕ್ಕೆ ಅಂತ ಹಾಕುವ ಮೇಂಟೆನೆನ್ಸ್ ಡ್ರಿಪ್ ಯಾಕೆ ಅಂತಲೂ ಕೇಳಿ.

ಪ್ರಶ್ನೆ: ಅಜ್ಜಿ ಐಸಿಯುನಲ್ಲಿ "ನೀರು, ನೀರು" ಅಂತಾರೆ. ಬಾಯಿ ಒಣಗಿದೆ. ಮೈಯಲ್ಲಿ ನೀರು ಸಾಲದು ಅಂತ ತಾನೇ?

ಉತ್ತರ: ಹಾಗೇ ಆಗಬೇಕಿಲ್ಲ. ಆಕ್ಸಿಜನ್ ಮಾಸ್ಕ್, ಬಾಯಲ್ಲಿ ಉಸಿರಾಡುವುದು, ಕೆಲವು ಔಷಧಿಗಳು, ಇವೆಲ್ಲ ಬಾಯಿ ಒಣಗಿಸುತ್ತವೆ. ವಯಸ್ಸಾದವರ ಚರ್ಮ ಚಿವುಟಿ ನೋಡುವುದೂ ಅಷ್ಟೇ, ಏನೂ ಹೇಳುವುದಿಲ್ಲ. ರಕ್ತದಲ್ಲಿ ಸೋಡಿಯಂ ಏರಿದ್ದರೆ ಮಾತ್ರ ಆ ಬಾಯಾರಿಕೆಗೆ ಬೇರೆ ಅರ್ಥ, ಅದನ್ನು ಕೇಳಿ ತಿಳಿದುಕೊಳ್ಳಿ. ಹಾಗಂತ ಬಾಯಾರಿಕೆ ಸುಳ್ಳಲ್ಲ, ಐಸಿಯು ರೋಗಿಗಳು ಅನುಭವಿಸುವ ದೊಡ್ಡ ಹಿಂಸೆಗಳಲ್ಲಿ ಅದೂ ಒಂದು. ಆದರೆ ನೀವಾಗಿ ನೀರು ಕುಡಿಸಬೇಡಿ, ನುಂಗಲು ಆಗದಿದ್ದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ತಣ್ಣೀರಲ್ಲಿ ಅದ್ದಿದ ಸ್ವಾಬಿನಿಂದ ಬಾಯಿ ಒರೆಸುವುದು, ತುಟಿಗೆ ಮುಲಾಮು, ನುಂಗುವ ಪರೀಕ್ಷೆ ಪಾಸಾಗಿದ್ದರೆ ಚಿಕ್ಕ ಐಸ್ ಚೂರು, ಇವನ್ನು ನರ್ಸ್ ಹತ್ತಿರ ಕೇಳಿ. ದಿನಕ್ಕೆ ಇಷ್ಟೇ ನೀರು ಅಂತ ಮಿತಿ ಹಾಕಿದ್ದರೆ ಆ ಐಸನ್ನೂ ಚಾರ್ಟಿನಲ್ಲಿ ಬರೆಸಿಬಿಡಿ.